ಸೆಕ್ಸ್‌ಟಿಂಗ್: ಪದ ಎಲ್ಲಿಂದ ಬಂತು, ಕಾನೂನು ಎಲ್ಲಿ ಗೋಜಲಾಯಿತು?

ಸೆಕ್ಸ್ ಮತ್ತು ಟೆಕ್ಸ್ಟಿಂಗ್ ಸೇರಿ ಸೆಕ್ಸ್‌ಟಿಂಗ್ ಆಗಿದೆ. ಲೈಂಗಿಕ ಮಾತು, ಫೋಟೊ, ವಿಡಿಯೊಗಳನ್ನು ಮೊಬೈಲಿನಲ್ಲಿ ಕಳಿಸುವುದಕ್ಕೆ ಈ ಹೆಸರು. ಬ್ರಿಟನ್ನಿನಲ್ಲಿ 1992ರ ಡಿಸೆಂಬರ್ 3ರಂದು ಹೋದ ಮೊದಲ ಎಸ್‌ಎಂಎಸ್‌ನಲ್ಲಿ ಇದ್ದದ್ದು ಕ್ರಿಸ್‌ಮಸ್ ಶುಭಾಶಯ. 2005ರ ಹೊತ್ತಿಗೆ ಆಸ್ಟ್ರೇಲಿಯದ ಪತ್ರಿಕೆಯಲ್ಲಿ ಸೆಕ್ಸ್‌ಟಿಂಗ್ ಎಂಬ ಪದ ಅಚ್ಚಾಗಿತ್ತು. 2011ರಲ್ಲಿ ಕನ್ಸೈಸ್ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು.

ನಮ್ಮಲ್ಲಿ ಆಗ ಈ ಪದ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 'ಎಂಎಂಎಸ್' (ಮೊಬೈಲಿನಲ್ಲಿ ಫೋಟೊ, ವಿಡಿಯೊ ಕಳಿಸುವ ಸಂದೇಶ) ಅಂದರೆ ಸಾಕಿತ್ತು, ಎಲ್ಲರಿಗೂ ಅರ್ಥವಾಗುತ್ತಿತ್ತು. 2004ರಲ್ಲಿ ದೆಹಲಿಯ ಇಬ್ಬರು ಶಾಲಾ ಮಕ್ಕಳ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹರಾಜು ನಡೆಸುವ ಜಾಲತಾಣವೊಂದರಲ್ಲಿ ಮಾರಾಟಕ್ಕೂ ಬಂತು. ತಾಣದ ಮುಖ್ಯಸ್ಥರ ಬಂಧನವೂ ಆಯಿತು. ಆದರೆ ಮನೆಮನೆಯ ಮಾತು ಹುಡುಗಿಯ ನಡತೆ, ಮಕ್ಕಳ ಕೈಯಲ್ಲಿರುವ ಮೊಬೈಲು, ಇವುಗಳ ಸುತ್ತಲೇ ಜಾಸ್ತಿ ನಡೆಯಿತು. ಅದನ್ನು ನೋಡಿ, ಸುಮ್ನೆ ಇನ್ನೊಬ್ಬರಿಗೆ ದಾಟಿಸಿದ ದೊಡ್ಡವರ ಬಗ್ಗೆ ಯಾರೂ ಅಷ್ಟಾಗಿ ಕೇಳಲಿಲ್ಲ.

ಆಗ ಇದ್ದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ. ಅದು ನೋಡುತ್ತಿದ್ದದ್ದು ಅಶ್ಲೀಲವೋ ಅಲ್ಲವೋ ಎಂಬುದನ್ನು ಮಾತ್ರ. 2008ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2009ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಹೊಸದಾಗಿ ಸೇರಿದ 66ಇ ಕಲಂ ಪ್ರಕಾರ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೂ ಹಂಚಿದರೂ 3 ವರ್ಷದವರೆಗೆ ಜೈಲು. 67ಬಿ ಮಕ್ಕಳ ದೃಶ್ಯಗಳಿಗೆ ಸಂಬಂಧಿಸಿದ್ದು. ಗಂಟು ಬಿದ್ದದ್ದು ನಡುವಿನ 67ಎ ಕಲಮಿನಲ್ಲಿ. ಲೈಂಗಿಕ ಕ್ರಿಯೆಯ ದೃಶ್ಯ ಕಳಿಸಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಒಪ್ಪಿಗೆಯ ಮಾತೇ ಅಲ್ಲಿಲ್ಲ. ಅಕ್ಷರಶಃ ಓದಿದರೆ ಗಂಡ ಹೆಂಡತಿಗೆ ಕಳಿಸಿದ್ದೂ ಅದರೊಳಗೆ ಬರುತ್ತದೆ. ಹೀಗಿರುವಾಗ, ನಂಬಿ ಕಳಿಸಿ ಮೋಸಹೋದವಳು ಠಾಣೆಯ ಮೆಟ್ಟಿಲು ಹತ್ತಲು ಹೆದರುವುದು ಸಹಜ ಅಲ್ವಾ? ತನ್ನ ಮೇಲೇ ಕೇಸಾದರೆ ಎಂಬ ಭಯ ಅವಳಿಗೆ.

2013ರಲ್ಲಿ ದಂಡ ಸಂಹಿತೆಗೆ ಸೇರಿದ 354ಸಿ ಕಲಂ ಒಂದು ಒಳ್ಳೆಯ ಕೆಲಸ ಮಾಡಿತು. ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ ಎಂದು ಅದು ಬಿಡಿಸಿ ಹೇಳಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ಕಳಿಸುವುದು ಬೇರೆ, ಹಂಚುವುದು ಬೇರೆ ಎಂಬ ಇಷ್ಟು ಸರಳ ವಿಷಯ ಕಾನೂನಿನ ಪುಸ್ತಕಕ್ಕೆ ಬರಲು ದೆಹಲಿಯ ಘಟನೆಯಿಂದ ಒಂಬತ್ತು ವರ್ಷ ಬೇಕಾಯಿತು. 67ಎ ಮಾತ್ರ ಹಾಗೇ ಉಳಿದಿದೆ.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕು ಎಂದು ಜಾಲತಾಣಗಳಿಗೆ ಹೇಳಿದವು. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಣ್ಣುಮಕ್ಕಳು ಹೆಸರು ಹೇಳದೆಯೂ ಇಂಥ ದೂರು ದಾಖಲಿಸಬಹುದು.