ಸಗಣಿ ಮೇಲಿನ ಅಣಬೆ: ಆರು ಗಂಟೆಯ ಅಮಲು, ಆಮೇಲಿನ ಕತೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗರು, ಇಲ್ಲವೇ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ರಜೆಗೆ ಶಿವಮೊಗ್ಗಕ್ಕೆ ಬಂದವರು. "ಡಾಕ್ಟ್ರೇ, ಮ್ಯಾಜಿಕ್ ಮಶ್ರೂಮ್ ಚಟ ಹಿಡಿಯಲ್ವಂತೆ. ಸಗಣಿ ಮೇಲೆ ತಾನಾಗಿ ಬೆಳೆಯೋದು. ಏನೂ ಆಗಲ್ಲ ಅಲ್ವಾ?" ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದೂ ನಿಜ. ಆದರೆ ಕಾಸರಕನ ಮರವೂ ನಮ್ಮ ಕಾಡಲ್ಲಿ ತಾನಾಗಿಯೇ ಬೆಳೆಯುತ್ತದೆ, ಅದರ ವಿಷದ ಬೀಜವನ್ನು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ.

ಈ ಅಣಬೆಗಳ ಒಳಗಿರುವುದು ಸಿಲೋಸೈಬಿನ್ ಎಂಬ ಅಮಲಿನ ರಾಸಾಯನಿಕ. ಎಲ್‌ಎಸ್‌ಡಿ ಎಂಬ ಅಮಲು ಪದಾರ್ಥ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅವರೇ 1958ರಲ್ಲಿ ಇದನ್ನೂ ಅಣಬೆಯಿಂದ ಬೇರ್ಪಡಿಸಿದರು. ಹೊಟ್ಟೆಗೆ ಹೋದ ಮೇಲೆ ಅದು ಸಿಲೋಸಿನ್ ಆಗಿ ಬದಲಾಗುತ್ತದೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ಮೈಯದೇ ರಾಸಾಯನಿಕ ಕೂರಬೇಕಾದ ಕಡೆ ಇದು ಹೋಗಿ ಕೂರುತ್ತದೆ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಶುರುವಾಗಿ ನಾಲ್ಕರಿಂದ ಆರು ಗಂಟೆ ಇರುತ್ತದೆ.

ಆ ಹೊತ್ತಿನಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಎದೆಬಡಿತ, ಬಿಪಿ ಏರುತ್ತವೆ. ಹೊಟ್ಟೆ ತೊಳೆಸುತ್ತದೆ, ಕೆಲವರಿಗೆ ವಾಂತಿ. ಬಣ್ಣ ಗಾಢವಾಗುತ್ತದೆ, ಗೋಡೆ ಉಸಿರಾಡಿದಂತೆ ಕಾಣುತ್ತದೆ, ಹತ್ತು ನಿಮಿಷ ಒಂದು ರಾತ್ರಿಯಷ್ಟು ಉದ್ದವಾಗುತ್ತದೆ. ಕೆಲವರಿಗೆ ಇದು ಖುಷಿ. ಇನ್ನು ಕೆಲವರಿಗೆ ಸತ್ತೇ ಹೋಗುತ್ತೇನೆ ಎನ್ನುವ ಭಯ, ಜೊತೆಗಿದ್ದ ಗೆಳೆಯರ ಮೇಲೇ ಅನುಮಾನ. ಯಾವುದು ಬರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಹೋದ ಸಲ ಚೆನ್ನಾಗಿತ್ತು ಎನ್ನುವುದು ಈ ಸಲಕ್ಕೆ ಗ್ಯಾರಂಟಿ ಅಲ್ಲ, ಅಣಬೆಯಿಂದ ಅಣಬೆಗೆ ಕಸುವು ಅಷ್ಟು ಬೇರೆ.

ಸಿಲೋಸೈಬಿನ್ ನೇರವಾಗಿ ಪ್ರಾಣ ತೆಗೆಯುವುದು ತೀರಾ ಅಪರೂಪ. ಪ್ರಾಣಕ್ಕೆ ಕುತ್ತು ಬರುವುದು ಆ ಸ್ಥಿತಿಯಲ್ಲಿ ಮಾಡುವ ಕೆಲಸದಿಂದ. ಇದನ್ನು ತಿನ್ನುವವರು ಆರಿಸಿಕೊಳ್ಳುವ ಜಾಗಗಳನ್ನು ನೋಡಿ: ಕೊಡಚಾದ್ರಿಯ ತುದಿ, ಜಾರುವ ಬಂಡೆಯ ಜಲಪಾತ, ಹೋಂಸ್ಟೇ ಹಿಂದಿನ ಹೊಳೆ. ಆಮೇಲೆ ರಾತ್ರಿಯೇ ಬೈಕ್ ಹತ್ತಿ ಆಗುಂಬೆ ಘಾಟಿ ಇಳಿಯುವ ಯೋಚನೆ ಬೇರೆ. ಹಾಗೆ ಗಾಬರಿಯಾದವರನ್ನು ಕಂಡರೆ ಬೈಯಬೇಡಿ, ಕಟ್ಟಿಹಾಕಬೇಡಿ. ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಕೂರಿಸಿ, ಇದು ಇಳಿಯುತ್ತದೆ ಎಂದು ಮೆಲ್ಲಗೆ ಹೇಳುತ್ತಿರಿ. ನಿಂಬೆರಸ, ಮಜ್ಜಿಗೆಯಿಂದ ಅಮಲು ಇಳಿಯುವುದಿಲ್ಲ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಮೈ ಸುಡುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ನುಂಗುವವರಿಗೆ ಫಿಟ್ಸ್ ಭಯ ಜಾಸ್ತಿ.

ಇದೆಲ್ಲ ಅಣಬೆ ಸರಿಯಾಗಿ ಸಿಕ್ಕಿದ್ದರೆ! ಮಲೆನಾಡಿನವರಿಗೆ ಅಣಬೆ ಗೊತ್ತು ಎನ್ನುವುದು ಅರ್ಧ ಸತ್ಯ. ನಮ್ಮ ಹಿರಿಯರಿಗೆ ಹುತ್ತದ ಮೇಲೆ ಏಳುವ, ಸಾರು ಮಾಡುವ ಅಣಬೆ ಗೊತ್ತಿತ್ತು. ಉಳಿದದ್ದನ್ನೆಲ್ಲ ನಾಯಿಕೊಡೆ ಎಂದು ಬಿಟ್ಟಿದ್ದರು. ಅದೇ ಅವರ ಜಾಣತನ. ಈಗಿನವರು ಮೊಬೈಲ್ ಫೋಟೋ ಹಿಡಿದು ಆ ನಾಯಿಕೊಡೆಗಳ ನಡುವೆಯೇ ಹುಡುಕುತ್ತಾರೆ. ಮುರಿದರೆ ನೀಲಿಯಾಗುತ್ತೆ, ಹಾಗಾಗಿ ಇದೇ ಎನ್ನುತ್ತಾರೆ. ನೀಲಿಯಾಗುವ ಬೇರೆ ಅಣಬೆಗಳೂ ಇವೆ. ಹುಳ ತಿಂದಿದೆ, ಹಾಗಾಗಿ ವಿಷ ಇಲ್ಲ ಎನ್ನುವುದೂ ಸುಳ್ಳು. ಕೆಲವು ಸಣ್ಣ ಕಂದು ಅಣಬೆಗಳಲ್ಲಿ, ಕೆಲವು ಬಿಳಿ ಅಣಬೆಗಳಲ್ಲಿ ಲಿವರನ್ನು ಹಾಳುಮಾಡುವ ಅಮಟಾಕ್ಸಿನ್ ಎಂಬ ವಿಷ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ.

ಇಲ್ಲಿ ಗಡಿಯಾರ ನೋಡಬೇಕು. ತಿಂದು ಒಂದೆರಡು ಗಂಟೆಯೊಳಗೆ ವಾಂತಿಯಾದರೆ ಹೆಚ್ಚಿನ ಸಲ ಹೊಟ್ಟೆ ಕೆಟ್ಟು ಸುಧಾರಿಸುತ್ತದೆ. ಆರು ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾದರೆ ಲಿವರ್ ಬಗ್ಗೆ ಯೋಚಿಸಬೇಕು. ಮೋಸ ಎಂದರೆ, ಮಾರನೇ ದಿನ ರೋಗಿ ಚೆನ್ನಾಗಿಯೇ ಕಾಣುತ್ತಾನೆ. ಗಂಜಿ ಕುಡಿಯುತ್ತಾನೆ, ಮನೆಗೆ ಹೋಗೋಣ ಎನ್ನುತ್ತಾನೆ. ಒಳಗೆ ಲಿವರ್ ಹಾಳಾಗುತ್ತಲೇ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಕಣ್ಣು ಹಳದಿಯಾದಾಗ ತಡವಾಗಿರುತ್ತದೆ. ಬೇಗ ವಾಂತಿಯಾದವರೂ ಆಸ್ಪತ್ರೆಗೆ ಬರಲಿ, ತಡವಾಗಿ ವಾಂತಿಯಾದವರಂತೂ ಒಂದು ನಿಮಿಷ ಕಾಯಬಾರದು.

ಇನ್ನು ದೀರ್ಘಕಾಲದ ಮಾತು. ಮನಸ್ಸಿನ ಡಾಕ್ಟರಾದ ನನ್ನ ಕೆಲಸ ಶುರುವಾಗುವುದೇ ಇಲ್ಲಿ. ಹೆಂಡ, ಗಾಂಜಾದ ಹಾಗೆ ದಿನಾ ಬೇಕೆನ್ನುವ ಎಳೆತ ಇದಕ್ಕೆ ಕಡಿಮೆ. ಎರಡನೇ ದಿನ ತಿಂದರೆ ಅಷ್ಟು ಏರುವುದೂ ಇಲ್ಲ. ಕೆಲವರಿಗೆ ತಿಂಗಳುಗಳ ನಂತರವೂ ವಸ್ತುಗಳ ಸುತ್ತ ಬೆಳಕಿನ ಅಂಚು, ಚಲಿಸುವುದರ ಹಿಂದೆ ಬಾಲದಂತಹ ಗೆರೆ ಕಾಣುತ್ತದೆ. ಇದು ಅಪರೂಪ, ಆದರೆ ಅನುಭವಿಸುವವರಿಗೆ ಓದಲು, ಗಾಡಿ ಓಡಿಸಲು ಕಷ್ಟ. ನನಗೆ ಇದಕ್ಕಿಂತ ಭಯ ಇನ್ನೊಂದರದ್ದು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಸುಳ್ಳು ನಂಬಿಕೆ ಹಿಡಿಯುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ) ಕಾಯಿಲೆಯ ಬೀಜ ಮನೆತನದಲ್ಲಿದ್ದರೆ, ಇಂಥ ಅಮಲು ಅದನ್ನು ಎಬ್ಬಿಸಬಹುದು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು. ಅದು ತಲೆ ಎತ್ತುವ ವಯಸ್ಸೂ ಹದಿನೆಂಟರಿಂದ ಮೂವತ್ತು. ಅಣಬೆ ಹುಡುಕಿ ಹೋಗುವ ವಯಸ್ಸೂ ಅದೇ.

ನಮ್ಮಲ್ಲಿ ತೊಡಕು ಏನೆಂದರೆ, ಹುಡುಗನಿಗೆ ತನ್ನ ಮನೆತನದ ಕತೆಯೇ ಗೊತ್ತಿರುವುದಿಲ್ಲ. ಹಲವರ ಅನುಭವ ಸೇರಿಸಿ ಹೇಳುತ್ತೇನೆ. ಹುಡುಗ ಅಣಬೆ ತಿಂದು ವಾರವಾಗಿದೆ. ನಿದ್ದೆ ಇಲ್ಲ. ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾನೆ. "ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ?" ಎಂದರೆ ಅಪ್ಪ ತಕ್ಷಣ "ಇಲ್ಲ ಸಾರ್, ಯಾರಿಗೂ ಇಲ್ಲ" ಎನ್ನುತ್ತಾರೆ. ಅಪ್ಪ ಬಿಲ್ ಕಟ್ಟಲು ಹೋದಾಗ ಅಜ್ಜಿ ಬಾಯಿ ಬಿಡುತ್ತಾರೆ: "ಇವನ ದೊಡ್ಡಪ್ಪಂಗೆ ಚೌಡಿ ಕಾಟ ಇತ್ತು. ತೋಟದಲ್ಲಿ ಒಬ್ಬನೇ ಮಾತಾಡ್ತಿದ್ದ." ಸಂಬಂಧ ನೋಡುವಾಗ ಅಡ್ಡಿಯಾಗುತ್ತದೆ ಎಂದು ಆ ದೊಡ್ಡಪ್ಪನ ಹೆಸರನ್ನೇ ಮನೆಯಲ್ಲಿ ಎತ್ತಿರುವುದಿಲ್ಲ. ಅಮಲು ಆರು ಗಂಟೆಗೆ ಇಳಿದಿರುತ್ತದೆ. ಹುಡುಗನಿಗೆ ಮಾತ್ರೆ ಮಾತ್ರ ಎಷ್ಟು ಕಾಲ ಬೇಕೋ ಹೇಳಲಾಗುವುದಿಲ್ಲ. ಅಣಬೆ ತಿನ್ನದಿದ್ದರೂ ಕಾಯಿಲೆ ಬರುತ್ತಿತ್ತೇ? ಬರಬಹುದಿತ್ತು. ಅಪ್ಪ ಅಮ್ಮ ಕೇಳುವ ಈ ಪ್ರಶ್ನೆಗೆ ಯಾವ ಡಾಕ್ಟರೂ ಒಬ್ಬ ರೋಗಿಯನ್ನು ತೋರಿಸಿ ಹೌದು, ಇಲ್ಲ ಎನ್ನಲಾರರು.

"ಹಾಗಾದರೆ ವಿದೇಶದಲ್ಲಿ ಡಿಪ್ರೆಶನ್‌ಗೆ ಇದನ್ನೇ ಕೊಡ್ತಾರಲ್ಲ?" ಎಂದು ಓದಿಕೊಂಡವರು ಕೇಳುತ್ತಾರೆ. ಹೌದು. ಬೇರೆ ಔಷಧಿಗೆ ಬಗ್ಗದ ಡಿಪ್ರೆಶನ್‌ಗೆ ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಸಿಲೋಸೈಬಿನ್ ಬರೆಯಬಹುದು. ಪ್ರಯೋಗಗಳ ಫಲಿತಾಂಶ ಆಸೆ ಹುಟ್ಟಿಸುವಂತೆಯೇ ಇದೆ, ನಾನೂ ಕುತೂಹಲದಿಂದ ಓದುತ್ತೇನೆ. ಆದರೆ ಅಲ್ಲಿ ಅಳೆದ ಔಷಧಿ, ಪಕ್ಕದಲ್ಲಿ ಗಂಟೆಗಟ್ಟಲೆ ಕೂರುವ ತರಬೇತಿ ಪಡೆದವರು. ಈ ಪ್ರಯೋಗಗಳಿಗೆ ಬರುವವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಆ ದೊಡ್ಡಪ್ಪನದ್ದೇ. ಇದೆ ಎಂದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ಸಿಲೋಸೈಬಿನ್ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ.

ಕೇಸ್ ಆಗುತ್ತದೆ ಎಂದು ಹೆದರಿ 'ಹೋಟೆಲ್ ಊಟ ಹೊಟ್ಟೆಗೆ ಹಿಡಿಸಲಿಲ್ಲ' ಎಂದು ಸುಳ್ಳು ಹೇಳುವವರು ಜಾಸ್ತಿ. ಡ್ಯೂಟಿ ಡಾಕ್ಟರ್ ಅದನ್ನು ನಂಬಿ ಗ್ಲೂಕೋಸ್ ಹಾಕಿ ಕಳಿಸಿದರೆ ಹೋಗುವುದು ನಿಮ್ಮ ಲಿವರ್. ಎಷ್ಟು ಗಂಟೆಗೆ ತಿಂದಿರಿ, ವಾಂತಿ ಎಷ್ಟು ಗಂಟೆಗೆ ಶುರುವಾಯಿತು, ಜೊತೆಗೆ ಇನ್ಯಾರು ತಿಂದರು, ಇಷ್ಟು ಹೇಳಿ. ಜೊತೆಗೆ ತಿಂದವರಿಗೆ ಏನೂ ಆಗದಿದ್ದರೂ ಅವರನ್ನೂ ಕರೆತನ್ನಿ. ಮನಸ್ಸಿನ ತೊಂದರೆ ಉಳಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಿಂದು ಉಳಿದ ಅಣಬೆಯ ಚೂರಿದ್ದರೆ ಪೇಪರಿನಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಬೇಗ ಕೊಳೆತು ಗುರುತು ಸಿಗುವುದಿಲ್ಲ.