ಮೊದಲು ಪೇಟೆ, ಆಮೇಲೆ ಹಕ್ಕು: ಮ್ಯಾನ್ಮಾರ್‌ನ ಬೇಳೆಕಾಳಿನ ಹಳ್ಳಿಗಳು

ನಮ್ಮ ಇಡ್ಲಿ, ದೋಸೆಯ ಹಿಟ್ಟಿಗೆ ಬೀಳುವ ಉದ್ದಿನಲ್ಲಿ ಒಂದು ಪಾಲು ಮ್ಯಾನ್ಮಾರ್‌ನ ಐರಾವತಿ ನದಿಯ ಮುಖಜಭೂಮಿಯಲ್ಲಿ ಬೆಳೆದದ್ದು. ಅಲ್ಲಿಂದ ಬರುವ ತೊಗರಿಯನ್ನು ನಮ್ಮ ವ್ಯಾಪಾರಿಗಳು ‘ಲೆಮನ್ ತೊಗರಿ’ ಎನ್ನುತ್ತಾರೆ. ಅದು ಬೆಳೆಯುವುದು ದೇಶದ ನಡುಭಾಗದ ಮಳೆ ಕಡಿಮೆಯಿರುವ ಸಗಾಯಿಂಗ್, ಮಗ್ವೆ, ಮಂಡಲೆ ಸೀಮೆಗಳಲ್ಲಿ. 2011ರಿಂದ ಹತ್ತು ವರ್ಷ ಜಗತ್ತಿಗೆ ಬಾಗಿಲು ತೆರೆದಿದ್ದ ಆ ದೇಶದಲ್ಲಿ ಹಳ್ಳಿಯ ಬದುಕು ಹೇಗೆ ಬದಲಾಯಿತು ಎಂದು ತಿಳಿಯಲು ಈ ಎರಡು ಕಾಳುಗಳ ದಾರಿಯನ್ನು ಹಿಡಿದು ಹೋಗುವುದೇ ಲೇಸು. ಮುಕ್ತ ಮಾರುಕಟ್ಟೆ ಆ ಹಳ್ಳಿಗಳಿಗೆ ಬಂದದ್ದು ಬಹಳ ಮುಂಚೆ. ರೈತನ ಹಕ್ಕು ಬಂದದ್ದು ಬಹಳ ತಡವಾಗಿ, ಅದೂ ಅರೆಬರೆಯಾಗಿ.

ಆಗ ಬರ್ಮಾ ಎಂದು ಕರೆಸಿಕೊಳ್ಳುತ್ತಿದ್ದ ಈ ದೇಶದ ದಕ್ಷಿಣ ಭಾಗ, ಅಂದರೆ ಕೆಳ ಬರ್ಮಾ, ಬ್ರಿಟಿಷರ ಕಾಲದಲ್ಲಿ ಭತ್ತದ ಕಣಜವಾಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಭತ್ತದ ಬೆಲೆ ಬಿದ್ದು, ಸಾಲ ತೀರಿಸಲಾಗದ ರೈತರ ಜಮೀನು ತಮಿಳುನಾಡಿನಿಂದ ಹೋಗಿದ್ದ ಚೆಟ್ಟಿಯಾರ್ ಲೇವಾದೇವಿಗಾರರ ಕೈಸೇರಿತು; ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಪ್ರಮುಖ ಭತ್ತದ ಜಿಲ್ಲೆಗಳ ಸಾಗುವಳಿ ಭೂಮಿಯಲ್ಲಿ ಕಾಲು ಭಾಗದಷ್ಟು ಅವರದಾಗಿತ್ತು. ಆ ಗಾಯದ ನೆನಪಿನಲ್ಲೇ ಸ್ವತಂತ್ರ ಬರ್ಮಾ 1953ರಲ್ಲಿ ಭೂಮಿಯನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅಧಿಕಾರ ಹಿಡಿದ ಜನರಲ್ ನೆ ವಿನ್ ಸಮಾಜವಾದದ ಹೆಸರಿನಲ್ಲಿ ಭತ್ತದ ವ್ಯಾಪಾರವನ್ನೂ ಸರ್ಕಾರದ ಹಿಡಿತಕ್ಕೆ ತಂದರು. ಉಳುವವನಿಗೆ ಲೇವಾದೇವಿಗಾರನ ಕಾಟ ತಪ್ಪಿತು, ಆದರೆ ಆ ಜಾಗಕ್ಕೆ ಸರ್ಕಾರವೇ ಬಂದು ನಿಂತಿತು.

1988ರ ಜನದಂಗೆಯನ್ನು ಗುಂಡಿನಿಂದ ಅಡಗಿಸಿದ ಹೊಸ ಸೇನಾಡಳಿತಕ್ಕೆ ಎರಡು ಚಿಂತೆಗಳಿದ್ದವು: ನಗರದಲ್ಲಿ ಅಕ್ಕಿ ಅಗ್ಗವಾಗಿರಬೇಕು, ಬೊಕ್ಕಸಕ್ಕೆ ಡಾಲರ್ ಬರಬೇಕು. ಹೀಗಾಗಿ ಅಕ್ಕಿಯ ಮೇಲಿನ ಹಿಡಿತವನ್ನು ಉಳಿಸಿಕೊಂಡು, ಬೇಳೆಕಾಳಿನ ರಫ್ತನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ರೈತ ಎಕರೆಗೆ ಹತ್ತು ಹನ್ನೆರಡು ಬುಟ್ಟಿ ಭತ್ತವನ್ನು, ಪೇಟೆ ದರದ ಅರ್ಧಕ್ಕೆ ಅಥವಾ ಅದಕ್ಕೂ ಕಡಿಮೆಗೆ, ಸರ್ಕಾರಕ್ಕೆ ಅಳೆದು ಕೊಡಲೇಬೇಕಿತ್ತು. ಒಂದು ಬುಟ್ಟಿಯೆಂದರೆ ಸುಮಾರು 21 ಕಿಲೋ. ಅದೇ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಉದ್ದು ಚೆಲ್ಲಿದರೆ, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬರುವ ಆ ಕಾಳನ್ನು ಯಾರಿಗೆ ಬೇಕಾದರೂ ಮಾರಬಹುದಿತ್ತು. ಬೇಳೆಕಾಳಿನ ವಿಸ್ತೀರ್ಣ ಮುಂದಿನ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತು; ದೊಡ್ಡ ಗಿರಾಕಿ ಭಾರತ. ಸಭೆ ಸೇರುವ ಹಕ್ಕೂ ಇಲ್ಲದ ಹಳ್ಳಿಗರು ಚೆನ್ನೈ, ಮುಂಬೈಗಳ ದರಕ್ಕೆ ಕಟ್ಟುಬಿದ್ದದ್ದು ಹೀಗೆ. ಭತ್ತದ ಬಲವಂತದ ಖರೀದಿ ನಿಂತದ್ದು 2003ರಲ್ಲಿ.

2011ರ ಮಾರ್ಚ್‌ನಲ್ಲಿ ಮಾಜಿ ಜನರಲ್ ಥೀನ್ ಸೀನ್ ಅಧ್ಯಕ್ಷರಾದ ಮೇಲೆ ಆರಂಭವಾದ ಸುಧಾರಣೆ ಹಳ್ಳಿಯಲ್ಲಿ ಮೊದಲು ಕೈ ಹಾಕಿದ್ದು ಜಮೀನಿಗೆ. 2012ರ ಕೃಷಿಭೂಮಿ ಕಾನೂನು ಸಾಗುವಳಿದಾರನಿಗೆ ‘ಫಾರಂ 7’ ಎಂಬ ಬಳಕೆ ಪತ್ರ ಕೊಟ್ಟಿತು. (ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗೆ ಸಲ್ಲಿಸಿದ ಅರ್ಜಿಗೂ ಇದೇ ಸಂಖ್ಯೆ, ಆದರೆ ನಮ್ಮವರಿಗೆ ಅದರಿಂದ ಒಡೆತನವೇ ಸಿಕ್ಕಿತು.) ಅಲ್ಲಿ ಭೂಮಿಯ ಕೊನೆಯ ಒಡೆಯ ಸರ್ಕಾರವೇ. ಪತ್ರವಿದ್ದವನು ಜಮೀನನ್ನು ಮಾರಬಹುದು, ಅಡವಿಡಬಹುದು, ಆದರೆ ಅಪ್ಪಣೆಯಿಲ್ಲದೆ ಬೇರೆ ಬೆಳೆಗೆ ಬದಲಾಯಿಸುವಂತಿರಲಿಲ್ಲ. ಅದೇ ವರ್ಷದ ಮತ್ತೊಂದು ಕಾನೂನು ‘ಬೀಳು’ ಭೂಮಿಯನ್ನು ಕಂಪನಿಗಳಿಗೆ ದೀರ್ಘಾವಧಿಗೆ ಗುತ್ತಿಗೆ ಕೊಡಲು ದಾರಿ ಮಾಡಿತು. ಗುಡ್ಡಗಾಡಿನ ಜನ ಸರದಿಯ ಮೇಲೆ ಉಳುತ್ತಿದ್ದ ನೆಲವೂ ಆ ಲೆಕ್ಕದಲ್ಲಿ ಬೀಳಾಯಿತು. ಹಿಂದಿನ ದಶಕಗಳಲ್ಲಿ ಸೇನೆ ಕಿತ್ತುಕೊಂಡಿದ್ದ ಜಮೀನಿನ ಬಗ್ಗೆ ಸಂಸತ್ತಿನ ಆಯೋಗಕ್ಕೆ ಸಾವಿರಾರು ದೂರುಗಳು ಹೋದವು. ಉತ್ತರಕ್ಕೆ ಕಾದು ಸಾಕಾದ ರೈತರು ಎತ್ತು, ನೇಗಿಲು ಹೊಡೆದುಕೊಂಡು ಹೋಗಿ ತಾವು ಕಳೆದುಕೊಂಡ ಹೊಲವನ್ನೇ ಉತ್ತರು. ಇಂಥ ನೇಗಿಲ ಪ್ರತಿಭಟನೆಗಳಿಗೆ ಅತಿಕ್ರಮ ಪ್ರವೇಶದ ಮೊಕದ್ದಮೆಯೇ ಬಹುಮಾನವಾಯಿತು. ನೂರಾರು ಜನ ಜೈಲು ಕಂಡರು. ಆ ದಶಕದ ಸುಧಾರಣೆಯನ್ನು ಅಳೆಯಲು ಇದಕ್ಕಿಂತ ನಿಖರವಾದ ಸಾಕ್ಷಿ ನನಗೆ ತೋರುವುದಿಲ್ಲ.

ಆದರೂ ಕೊಟ್ಟದ್ದನ್ನು ಕೊಟ್ಟದ್ದೆಂದೇ ಹೇಳಬೇಕು. ಸುಧಾರಣೆಗೆ ಮುಂಚೆ ಒಂದು ಸಿಮ್ ಕಾರ್ಡಿಗೆ ನೂರಾರು ಡಾಲರ್ ತೆರಬೇಕಿತ್ತು. 2014ರಲ್ಲಿ ಕತಾರ್‌ನ ಊರೆಡೂ, ಅದರ ಹಿಂದೆಯೇ ನಾರ್ವೆಯ ಟೆಲಿನಾರ್ ಬಂದಾಗ ಅದೇ ಸಿಮ್ 1,500 ಕ್ಯಾಟ್‌ಗೆ, ಅಂದರೆ ಒಂದೂವರೆ ಡಾಲರಿಗೆ, ಗೂಡಂಗಡಿಯಲ್ಲಿ ಸಿಕ್ಕಿತು. ಆ ವರ್ಷದ ಜನಗಣತಿಯ ಪ್ರಕಾರ ವಿದ್ಯುತ್ ದೀಪ ಉರಿಯುತ್ತಿದ್ದದ್ದು ಮೂರು ಮನೆಗಳಲ್ಲಿ ಒಂದರಲ್ಲಿ ಮಾತ್ರ. ಹಲವು ಹಳ್ಳಿಗಳಿಗೆ ಕರೆಂಟಿಗಿಂತ ಮೊದಲು ಫೋನ್ ಬಂತು. ಯಾಂಗೂನಿನ ಬಯಿನ್ನೌಂಗ್ ಸಗಟು ಪೇಟೆಯ ಆ ದಿನದ ದರವನ್ನು ಮಧ್ಯವರ್ತಿಯ ಬಾಯಿಂದ ಮಾತ್ರ ಕೇಳುತ್ತಿದ್ದ ಬೆಳೆಗಾರ ಈಗ ತಾನೇ ವಿಚಾರಿಸುವಂತಾದ.

ಹಳ್ಳಿಯ ಆಡಳಿತದಲ್ಲಿ ಬಂದ ಬದಲಾವಣೆ ಸಣ್ಣದಾಗಿ ಕಂಡರೂ ಮನೆಯೊಳಗಿನವರೆಗೆ ತಲುಪಿತು. ಕೆಲವು ಊರುಗಳನ್ನು ಕೂಡಿಸಿದ ಘಟಕದ ಆಡಳಿತಗಾರನನ್ನು ಮೇಲಿನವರು ನೇಮಿಸುವ ಬದಲು, 2012ರ ಕಾನೂನಿನಂತೆ, ಹತ್ತು ಮನೆಗೊಬ್ಬರಂತೆ ಇದ್ದ ಮುಖಂಡರು ಸೇರಿ ಆರಿಸತೊಡಗಿದರು. ಆಯ್ಕೆಯಾದವರಲ್ಲಿ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ರಾತ್ರಿ ಮನೆಯಲ್ಲಿ ನೆಂಟರು ಉಳಿದರೆ ಅವರ ಹೆಸರನ್ನು ಆಡಳಿತಗಾರನಲ್ಲಿ ಬರೆಸಬೇಕೆಂಬ ನಿಯಮ ಮಾತ್ರ ಮುಂದುವರಿದಿತ್ತು. ಮಗಳು ಹೆರಿಗೆಗೆ ತವರಿಗೆ ಬಂದರೂ ಬರೆಸಬೇಕು, ಬರೆಸದಿದ್ದರೆ ನಡುರಾತ್ರಿ ಬಾಗಿಲು ಬಡಿದು ತಪಾಸಣೆ. ಆಂಗ್ ಸಾನ್ ಸೂ ಕಿ ಅವರ ಪಕ್ಷ ಅಧಿಕಾರಕ್ಕೆ ಬಂದ 2016ರಲ್ಲಿ ಸಂಸತ್ತು ಈ ನಿಯಮವನ್ನು ತೆಗೆದುಹಾಕಿತು.

ಇತ್ತ ಮುಖಜಭೂಮಿಯ ಭೂಹೀನ ಕುಟುಂಬಗಳ ಮಕ್ಕಳು ಯಾಂಗೂನಿನ ಅಂಚಿನ ಲೈಂಗ್ ತಾಯಾದ ಗಾರ್ಮೆಂಟ್ಸ್‌ಗೆ ಹೋಗತೊಡಗಿದರು. 2015ರಲ್ಲಿ ನಿಗದಿಯಾದ ಕನಿಷ್ಠ ಕೂಲಿ ದಿನಕ್ಕೆ 3,600 ಕ್ಯಾಟ್. ಊರಲ್ಲಿ ನಾಟಿಗೆ ಆಳು ಸಿಗದೆ, ಗದ್ದೆಯವರು ಎರಚು ಬಿತ್ತನೆಗೂ ಕೊಯ್ಲು ಯಂತ್ರಕ್ಕೂ ಹೊರಳಿದರು.

ಪೇಟೆಯ ಪೆಟ್ಟು ಬಿದ್ದದ್ದು 2017ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ಭಾರತದಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದಾಗ ಮ್ಯಾನ್ಮಾರ್‌ನ ರೈತರೂ ಹೆಚ್ಚು ಬಿತ್ತಿದ್ದರು, ನಮ್ಮ ಕಲಬುರಗಿಯವರೂ ಹೆಚ್ಚು ಬಿತ್ತಿದ್ದರು. ಬೆಳೆ ಕೈಗೆ ಬಂದಾಗ ಕಲಬುರಗಿಯಲ್ಲಿ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್‌ಗೆ, ಉದ್ದು ಮತ್ತು ಹೆಸರನ್ನು ಒಟ್ಟಾಗಿ 3 ಲಕ್ಷ ಟನ್‌ಗೆ ಮಿತಿಗೊಳಿಸಿತು. ನಮ್ಮ ರೈತನನ್ನು ಕಾಯಲು ಅದು ಬೇಕಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನಡುಬರ್ಮಾದ ತೊಗರಿ ಬೆಳೆಗಾರನಿಗೆ ಬೆಂಬಲ ಬೆಲೆಯೂ ಇರಲಿಲ್ಲ, ಬೇರೆ ದೊಡ್ಡ ಗಿರಾಕಿಯೂ ಇರಲಿಲ್ಲ, ದೆಹಲಿಯಲ್ಲಿ ಅವನ ಪರ ಮಾತನಾಡುವವರೂ ಇರಲಿಲ್ಲ.

2021ರ ಫೆಬ್ರುವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಅದೇ ತಿಂಗಳಲ್ಲಿ ನೆಂಟರ ಹೆಸರು ಬರೆಸುವ ನಿಯಮ ಮರಳಿ ಬಂತು. ಬೇಳೆಕಾಳಿನ ವ್ಯಾಪಾರ ಮಾತ್ರ ನಿಲ್ಲಲಿಲ್ಲ: ಜೂನ್‌ನಲ್ಲಿ ಭಾರತ ಐದು ವರ್ಷಗಳ ಮಟ್ಟಿಗೆ ಪ್ರತಿವರ್ಷ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2022ರಲ್ಲಿ ರಫ್ತುದಾರರು ತಮ್ಮ ಡಾಲರ್ ಗಳಿಕೆಯ ಬಹುಪಾಲನ್ನು ಪೇಟೆಗಿಂತ ತೀರಾ ಕಡಿಮೆಯಾದ ಸರ್ಕಾರಿ ದರಕ್ಕೆ ಒಪ್ಪಿಸಬೇಕಾಯಿತು, ಆ ನಷ್ಟವನ್ನು ಅವರು ಬೆಳೆಗಾರನ ದರದಲ್ಲೇ ಮುರಿದುಕೊಂಡರು. ಹಿಂದೆ ಭತ್ತದ ಬುಟ್ಟಿಯಲ್ಲಿ ಕಸಿದದ್ದನ್ನು ಈ ಸಲ ವಿನಿಮಯ ದರದಲ್ಲಿ ಕಸಿಯಲಾಯಿತು. ತೊಗರಿಯ ಸೀಮೆಯಾದ ಸಗಾಯಿಂಗ್, ಮಗ್ವೆಗಳೇ ಸೇನೆಯ ವಿರುದ್ಧದ ಸಶಸ್ತ್ರ ಹೋರಾಟದ ನೆಲವಾಗಿ, ಅಲ್ಲಿನ ಹಳ್ಳಿಗಳಿಗೆ ಸೇನೆ ಬೆಂಕಿಯಿಟ್ಟಿದೆ. 2024ರ ಫೆಬ್ರುವರಿಯಲ್ಲಿ ಕಡ್ಡಾಯ ಸೇನಾ ಸೇವೆ ಜಾರಿಯಾದ ಮೇಲೆ ಪ್ರಾಯದ ಹುಡುಗರು ಥಾಯ್ಲೆಂಡ್ ದಾರಿ ಹಿಡಿದರು, ಬಿತ್ತನೆಯ ಹೊಣೆ ಹೆಂಗಸರ ಮತ್ತು ಮುದುಕರ ಪಾಲಿಗೆ ಬಂದಿದೆ.