ಪದ ಪರಿಚಯ: ಎಂಡೋಡಾಂಟಿಸ್ಟ್ ಅಂದರೆ ಯಾರು?

ಹಲ್ಲುನೋವು ಅಂತ ಹೋದರೆ ಕೆಲವೊಮ್ಮೆ ಡಾಕ್ಟರು ಎಕ್ಸ್‌ರೇಯನ್ನು ಎರಡು ಸಲ ನೋಡಿ, "ಇದನ್ನ ಎಂಡೋಡಾಂಟಿಸ್ಟ್ ಹತ್ರ ಮಾಡಿಸಿ" ಅಂತ ಚೀಟಿ ಬರೆದುಕೊಡುತ್ತಾರೆ. ಹಲ್ಲಿನ ಡಾಕ್ಟರು ಇನ್ನೊಬ್ಬ ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕಳಿಸಬೇಕು?

ಪದದ ಮೂಲ ಗ್ರೀಕ್. 'ಎಂಡೋ' ಅಂದರೆ ಒಳಗೆ, 'ಓಡಾಂಟ್' ಅಂದರೆ ಹಲ್ಲು. ಹಲ್ಲಿನ ಒಳಗೆ ಕೆಲಸ ಮಾಡುವವರು ಇವರು. ಹೊರಗಿಂದ ಕಲ್ಲಿನ ಹಾಗೆ ಕಂಡರೂ ಹಲ್ಲು ಒಳಗೆ ಟೊಳ್ಳು, ಅಲ್ಲಿ ಮೆತ್ತಗಿನ ತಿರುಳು ಇರುತ್ತದೆ. ನಾವು ಸುಮ್ನೆ 'ನರ' ಅಂತೀವಿ, ಆದರೆ ಅದರಲ್ಲಿ ರಕ್ತನಾಳಗಳೂ ಇವೆ. ಹುಳುಕು ಅಲ್ಲಿವರೆಗೆ ಇಳಿದರೆ ತಿರುಳು ಊದಿಕೊಳ್ಳುತ್ತದೆ. ಬೆರಳು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ಹಲ್ಲಿನೊಳಗೆ ಹಿಗ್ಗೋಕೆ ಜಾಗವೇ ಇಲ್ಲ. ರಾತ್ರಿಯೆಲ್ಲ ಮಲಗೋಕೆ ಬಿಡದ ನೋವು ಅಂತಾರಲ್ಲ, ಅದು ಇದೇ.

ಆ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು, ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿ ಮುಚ್ಚುವುದೇ ರೂಟ್ ಕೆನಾಲ್. ಇದನ್ನು ಸಾಮಾನ್ಯ ಡೆಂಟಿಸ್ಟರೂ ಮಾಡುತ್ತಾರೆ. ಮುಂದಿನ ಒಂದೇ ಬೇರಿನ ಹಲ್ಲಿಗೆಲ್ಲ ಸ್ಪೆಷಲಿಸ್ಟ್ ಹುಡುಕಿಕೊಂಡು ಹೋಗಬೇಕಿಲ್ಲ ಅಂತ ನನಗನಿಸುತ್ತದೆ.

ಮೇಲಿನ ಮೊದಲನೇ ದವಡೆ ಹಲ್ಲಿನ ಕಥೆ ಬೇರೆ. ಬೇರು ಮೂರು, ನಾಳ ಮಾತ್ರ ಬಹಳ ಸಲ ನಾಲ್ಕು. ಆ ನಾಲ್ಕನೆಯದರ ಬಾಯಿ ಒಂದು ಚುಕ್ಕೆಯಷ್ಟೇ, ಅದನ್ನೂ ಹಲ್ಲಿನದೇ ಪದರ ಮರೆಮಾಡಿರುತ್ತದೆ. ಕಾಣದೆ ಬಿಟ್ಟರೆ ಸೋಂಕು ಅಲ್ಲೇ ಕೂತು, ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋಯಬಹುದು. ಅದಕ್ಕೇ ಇವರು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಹುಡುಕುತ್ತಾರೆ. ಸಿಕ್ಕ ಮೇಲೆ ನಾಳ ಉಜ್ಜೋಕೆ ಒಳಗಿಳಿಸುವ ಸೂಜಿಯಂಥ ಫೈಲ್ ಇದೆಯಲ್ಲ, 10ನೇ ನಂಬರಿನದು, ಅದರ ತುದಿ ಬರೀ 0.1 ಮಿ.ಮೀ. ದಪ್ಪ. ಎರಡು ಬೆರಳಲ್ಲಿ ಹಿಡಿದು, ಹಳೇ ವಾಚಿಗೆ ಕೀ ಕೊಟ್ಟ ಹಾಗೆ ಆಚೆ ಈಚೆ ಚೂರು ಚೂರೇ ತಿರುಗಿಸುತ್ತಾ ಇಳಿಸಬೇಕು. ಬೇರು ಸೊಟ್ಟಗಿದ್ದು ಅವಸರ ಮಾಡಿದರೆ ಫೈಲ್ ಒಳಗೇ ಮುರಿಯಬಹುದು! ಬೇರಿನ ತುದಿ ಎಲ್ಲಿ ಅಂತ ತಿಳಿಯೋಕೆ ಸಣ್ಣ ವಿದ್ಯುತ್ ಹರಿಸಿ ಅಳೆಯುವ ಯಂತ್ರ ಬೇರೆ ಇದೆ. ಹಲ್ಲಿನ ಸುತ್ತ ಕಟ್ಟುವ ತೆಳು ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, 1864ರಷ್ಟು ಹಳೇದು. ಎಂಜಲು ಒಳಗೆ ಹೋಗಬಾರದು, ಫೈಲ್ ಗಂಟಲಿಗೆ ಜಾರಬಾರದು, ಅದಕ್ಕೆ.

ಇದನ್ನೆಲ್ಲ ಕಲಿಯೋಕೆ ದಂತವೈದ್ಯ ಪದವಿಯ ಮೇಲೆ ಸಾಮಾನ್ಯವಾಗಿ 2ರಿಂದ 3 ವರ್ಷ ಓದಬೇಕು. ಅಮೆರಿಕದಲ್ಲಿ ಇವರ ಸಂಘ ಶುರುವಾಗಿದ್ದು 1943ರಲ್ಲಿ, ಪ್ರತ್ಯೇಕ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ಕಿದ್ದು 1963ರಲ್ಲಿ. ಶುರುವಿನ ಅಭ್ಯಾಸ ಕಿತ್ತ ಹಲ್ಲುಗಳ ಮೇಲೆ. ನೋವು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡುವುದೂ ಪಾಠದ ದೊಡ್ಡ ಭಾಗ. ಪೇಷಂಟ್ ಕೆಳಗಿನ ಹಲ್ಲು ತೋರಿಸುತ್ತಾರೆ, ಕೆಟ್ಟಿದ್ದು ಮೇಲಿನದಾಗಿರಬಹುದು. ಆಗ ಹತ್ತಿಗೆ ತಣ್ಣನೆ ಸ್ಪ್ರೇ ಹೊಡೆದು ಒಂದೊಂದೇ ಹಲ್ಲಿಗೆ ಮುಟ್ಟಿಸುತ್ತಾರೆ. ಒಳ್ಳೇ ಹಲ್ಲು ಜುಮ್ ಅಂದು ಬೇಗ ಸುಮ್ಮನಾಗುತ್ತದೆ, ತಿರುಳು ಕೆಟ್ಟಿದ್ದರೆ ಹತ್ತಿ ತೆಗೆದ ಮೇಲೂ ನೋವು ನಿಲ್ಲುವುದಿಲ್ಲ, ತಿರುಳು ಸತ್ತ ಹಲ್ಲಿಗೆ ಏನೂ ಗೊತ್ತೇ ಆಗುವುದಿಲ್ಲ.

ಮೊದಲು ಮಾಡಿದ ರೂಟ್ ಕೆನಾಲ್ ಕೆಟ್ಟರೆ ಬಿಚ್ಚಿ ಮತ್ತೆ ಮಾಡುವುದು, ಅದೂ ಆಗದಿದ್ದರೆ ಒಸಡು ಬಿಡಿಸಿ ಬೇರಿನ ತುದಿ ಕತ್ತರಿಸುವುದು, ಇವೂ ಇವರ ಪಾಲಿಗೇ. ಕ್ಯಾಪ್ ಮಾತ್ರ ಬಹಳ ಸಲ ಇವರು ಹಾಕುವುದಿಲ್ಲ. ಅದಕ್ಕೆ ಚೀಟಿ ಕೊಟ್ಟ ಡಾಕ್ಟರ ಹತ್ತಿರವೇ ವಾಪಸ್ ಹೋಗಬೇಕು.